ಹೊಸ ನಮೂನೆಯ ಕಿರಾಣಿ ಅಂಗಡಿ: ಮನೆಮಂದಿಯೆಲ್ಲ ಕೂಡಿ ನೋಡತಕ್ಕ ಪಾಠ



ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಪೇಟೆಗಳಲ್ಲಿ ಕೆಲವು ಕಿರಾಣಿ ಅಂಗಡಿಗಳ ರೂಪವೇ ಬದಲಾಗಿದೆ. ಹಳೆಯ ಕಟ್ಟೆ, ತಗಡಿನ ಡಬ್ಬಿ, ತೂಗುವ ತಕ್ಕಡಿಗಳು ಹೋಗಿ ಗಾಜಿನ ಬಾಗಿಲು, ಬೆಳ್ಳನೆಯ ದೀಪ, ತಣ್ಣನೆಯ ಗಾಳಿ, ಸಾಲುಸಾಲಾದ ಕಪಾಟುಗಳು ಬಂದಿವೆ. ಬೇಕಾದ ಸಾಮಾನನ್ನು ಗಿರಾಕಿಯೇ ಕೈಯಿಂದ ಎತ್ತಿಕೊಂಡು, ಬುಟ್ಟಿಗೆ ಹಾಕಿ, ಬಾಗಿಲ ಹತ್ತಿರ ಹಣ ಕೊಟ್ಟು ಹೊರಬೀಳುವದು. ಹಬ್ಬದ ಸಂತೆಗೆ ಪೇಟೆಗೆ ಹೋದಾಗ ಮನೆಯವರು, ಮಕ್ಕಳು "ಅದರೊಳಗ ಒಮ್ಮೆ ಹೋಗಿ ಬರೋಣ" ಎನ್ನುವದು ಸಹಜ. ಕೆಲವರು ನಾಚಿಕೊಂಡು ಹೊರಗೇ ನಿಲ್ಲುತ್ತಾರೆ. ಕಾಲಲ್ಲಿ ಕೆಸರಿನ ಚಪ್ಪಲಿ, ಹೆಗಲ ಮೇಲೆ ಟವೆಲು, ಅದು ನಮ್ಮಂಥವರ ಅಂಗಡಿಯಲ್ಲವೆಂದು ಅವರ ಭಾವನೆ. ಇನ್ನು ಕೆಲವರು ಸೀದಾ ಒಳಹೊಕ್ಕು, ಎರಡು ಸಾವಿರ ರೂಪಾಯಿ ಕೊಟ್ಟು ಹೊರಗೆ ಬಂದ ಮೇಲೆ, ತಂದದ್ದೇನೆಂದು ಚೀಲ ಬಿಚ್ಚಿ ನೋಡುತ್ತಾರೆ. ಎರಡೂ ಸರಿಯಲ್ಲ.

ಪ್ರಾತ್ಯಕ್ಷಿಕೆಯ ಹೊಲವನ್ನು ನೀವು ಹೇಗೆ ನೋಡುತ್ತೀರಿ? ಬದುವಿನ ಮೇಲೆ ನಿಂತು "ಬೆಳೆ ಚಲೋ ಅದ" ಎಂದು ಹೇಳಿ ಹೊರಟುಬಿಡುವದಿಲ್ಲ. ಒಳಗಿಳಿದು ಎಲೆ ತಿರುವಿ ನೋಡುತ್ತೀರಿ, ಯಾವ ಬೀಜ, ಎಷ್ಟು ಗೊಬ್ಬರ, ಖರ್ಚೆಷ್ಟು ಎಂದು ಕೇಳುತ್ತೀರಿ. ಈ ಅಂಗಡಿಯನ್ನೂ ಹಾಗೆಯೇ ನೋಡಬೇಕು. ಏಕೆಂದರೆ ನೀವು ಬೆಳೆದ ಮೆಣಸಿನಕಾಯಿ, ಗೋವಿನಜೋಳ, ಉಳ್ಳಾಗಡ್ಡಿ, ಶೇಂಗಾಗಳ ಪ್ರವಾಸ ಮುಗಿಯುವದು ಇಂಥ ಕಪಾಟಿನ ಮೇಲೆಯೇ. ಹೊಲದ ಈ ತುದಿಯನ್ನು ನೀವು ಬಲ್ಲಿರಿ; ಆ ತುದಿಯನ್ನು ನೋಡಿದವರು ನಮ್ಮಲ್ಲಿ ಕಡಿಮೆ.

ಹೋಗುವಾಗ ಒಬ್ಬರೇ ಹೋಗಬೇಡಿರಿ. ಮನೆಯ ಹೆಣ್ಣುಮಕ್ಕಳನ್ನೂ, ಓದುಬರಹ ಬಲ್ಲ ಮಗ ಅಥವಾ ಮಗಳನ್ನೂ, ಸಾಧ್ಯವಿದ್ದರೆ ಹಿರಿಯರನ್ನೂ ಕರೆದುಕೊಂಡು ಹೋಗಿರಿ. ಒಂದು ವಹಿ, ಒಂದು ಪೆನ್ನು ಸಂಗಡ ಇರಲಿ. ಹೊಟ್ಟೆ ತುಂಬ ಉಂಡು ಹೋಗಿರಿ. ಇದು ಹಾಸ್ಯದ ಮಾತಲ್ಲ; ಹಸಿದವನ ಬುಟ್ಟಿ ಬೇಗ ತುಂಬುತ್ತದೆ.

ಅಂಗಡಿಯ ಕಟ್ಟಡವೇ ಒಂದು ಯುಕ್ತಿ

ಗಿರಾಕಿಯೇ ಸಾಮಾನು ಎತ್ತಿಕೊಳ್ಳುವ ಪದ್ಧತಿ ಅಮೇರಿಕೆಯ ಮೆಂಫಿಸ್ ಎಂಬ ಊರಿನಲ್ಲಿ ೧೯೧೬ರಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವ್ಯಾಪಾರಿಯು ತೆರೆದ ಅಂಗಡಿಯಿಂದ ಬಳಕೆಗೆ ಬಂದಿತು. ಅದಕ್ಕಿಂತ ಮುಂಚೆ ಅಲ್ಲಿಯೂ ನಮ್ಮಲ್ಲಿಯಂತೆ ಗಿರಾಕಿ ಕೇಳುವದು, ಅಂಗಡಿಯವ ಕಟ್ಟಿಕೊಡುವದು. ಆಳುಗಳ ಖರ್ಚು ಉಳಿಯಿತು, ಗಿರಾಕಿಗೆ ಬೆಲೆ ತುಸು ಇಳಿಯಿತು. ಆದರೆ ಇನ್ನೊಂದು ಸಂಗತಿಯೂ ವ್ಯಾಪಾರಿಗಳ ಲಕ್ಷ್ಯಕ್ಕೆ ಬಂದಿತು: ಕೇಳಿ ಕೊಳ್ಳುವವನಿಗಿಂತ ಕಂಡು ಕೊಳ್ಳುವವನು ಹೆಚ್ಚು ಕೊಳ್ಳುತ್ತಾನೆ. ಕೈಬುಟ್ಟಿ ಭಾರವಾದರೆ ಜನ ಕೊಳ್ಳುವದನ್ನು ನಿಲ್ಲಿಸುತ್ತಾರೆಂದು ೧೯೩೭ರಲ್ಲಿ ಅದೇ ದೇಶದ ಸಿಲ್ವನ್ ಗೋಲ್ಡ್‌ಮನ್ ಎಂಬವನು ಗಾಲಿಯ ಬುಟ್ಟಿಯನ್ನು ತಂದನು. ಬಾಗಿಲಲ್ಲಿ ನಿಮ್ಮ ಮುಂದೆ ತಳ್ಳಿಕೊಂಡು ಬರುವ ಆ ಗಾಡಿ ಉಪಚಾರಕ್ಕೆ ಮಾತ್ರ ಇಟ್ಟದ್ದಲ್ಲ. ನಾಲ್ಕು ಸಾಮಾನು ಬೇಕಾದವರು ಕೈಬುಟ್ಟಿಯನ್ನೇ ತೆಗೆದುಕೊಳ್ಳಿರಿ.

ಒಳಗೆ ಹೋದ ಕೂಡಲೆ ಏನನ್ನೂ ಎತ್ತಬೇಡಿರಿ. ಒಂದು ಸುತ್ತು ತಿರುಗಿರಿ. ದಿನಾಲು ಬೇಕಾಗುವ ಹಾಲು, ಎಣ್ಣೆ, ಅಕ್ಕಿಗಳನ್ನು ಬಹುತೇಕ ಒಳಗಿನ ಮೂಲೆಗೆ ಇಟ್ಟಿರುತ್ತಾರೆ. ಅಲ್ಲಿ ಮುಟ್ಟುವದರೊಳಗೆ ಬೇಡವಾದ ಹತ್ತು ಸಾಮಾನು ಕಣ್ಣಿಗೆ ಬಿದ್ದಿರುತ್ತವೆ. ನಿಂತವನ ಕಣ್ಣಿನ ಎತ್ತರಕ್ಕೆ ಹೆಚ್ಚು ಲಾಭದ ಮಾಲು. ಅಗ್ಗದ್ದು ಕಾಲಬುಡದಲ್ಲಿ ಅಥವಾ ತಲೆಯ ಮೇಲೆ. ಹಣ ಕೊಡುವ ಮೇಜಿನ ಹತ್ತಿರ ಪೆಪ್ಪರಮಿಂಟು, ಚಾಕಲೇಟುಗಳು ಮಕ್ಕಳ ಕೈಗೆ ನಿಲುಕುವ ಎತ್ತರದಲ್ಲಿಯೇ ಇರುತ್ತವೆ. ಇದನ್ನು ಮೋಸವೆನ್ನಲಾಗದು. ಸಂತೆಯಲ್ಲಿ ನಾವೂ ಚಲೋ ಬದನೆಕಾಯಿಯನ್ನು ಬುಟ್ಟಿಯ ಮೇಲ್ಗಡೆ ಇಡುವದಿಲ್ಲವೇ? ಆದರೆ ತಿಳಿದು ಕೊಳ್ಳುವದು ಬೇರೆ, ತಿಳಿಯದೆ ಕೊಳ್ಳುವದು ಬೇರೆ.

ಪಾಕೀಟಿನ ಬೆನ್ನನ್ನು ಓದುವದು

ಪಾಕೀಟಿನ ಮುಖ ಮಾರುವವನದು, ಬೆನ್ನು ಕೊಳ್ಳುವವನದು. ಮುಖದ ಮೇಲೆ ಹಸಿರು ಹೊಲ, ನಗುವ ಅಜ್ಜಿ, ದೊಡ್ಡ ಅಕ್ಷರ. ಬೆನ್ನ ಮೇಲಿನ ಸಣ್ಣ ಅಕ್ಷರಗಳನ್ನು ಕಾಯಿದೆ ಬರೆಯಿಸಿದೆ. ಶಾಲೆ ಕಲಿತ ಮಗನ ಅಥವಾ ಮಗಳ ಕೈಯಿಂದ ಅದನ್ನು ಓದಿಸಿರಿ.

ಮೊದಲನೆಯದಾಗಿ ನಿವ್ವಳ ತೂಕ ಮತ್ತು ಗರಿಷ್ಠ ಬೆಲೆ. ಗರಿಷ್ಠ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ; ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳುವ ಹಕ್ಕು ಅಂಗಡಿಯವನಿಗೆ ಇಲ್ಲ. ಕಡಿಮೆಗೆ ಕೊಡಲು ಮಾತ್ರ ಅಡ್ಡಿಯಿಲ್ಲ. ೨೦೨೨ರಲ್ಲಿ ಜಾರಿಗೆ ಬಂದ ನಿಯಮದಂತೆ ಒಂದು ಗ್ರಾಮಿಗೆ ಅಥವಾ ಒಂದು ಕಿಲೋಕ್ಕೆ ಬೆಲೆ ಎಷ್ಟು ಬೀಳುವದೆಂಬುದನ್ನೂ ಪಾಕೀಟಿನ ಮೇಲೆ ಅಚ್ಚು ಹಾಕಬೇಕು. ಕೊಳ್ಳುವವನಿಗೆ ಇದಕ್ಕಿಂತ ಉಪಯೋಗದ ಅಂಕಿ ಬೇರೊಂದಿಲ್ಲವೆಂದು ನನ್ನ ಅಭಿಪ್ರಾಯ. ಎರಡು ಪಾಕೀಟು ಒಂದೇ ಗಾತ್ರ ಕಾಣುತ್ತವೆ; ಒಂದರಲ್ಲಿ ೨೦೦ ಗ್ರಾಮು, ಇನ್ನೊಂದರಲ್ಲಿ ೧೭೦. "ಎರಡು ಕೊಂಡರೆ ಒಂದು ಪುಕ್ಕಟೆ" ಎಂಬ ಫಲಕವನ್ನೂ ಈ ಒಂದು ಅಂಕಿಯಿಂದಲೇ ಪರೀಕ್ಷಿಸಬಹುದು.

ಎರಡನೆಯದು, ಒಳಗೇನಿದೆ ಎಂಬ ಪಟ್ಟಿ. ಅದನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂದು ನಿಯಮವಿದೆ: ಹೆಚ್ಚು ಇದ್ದದ್ದು ಮೊದಲು, ಕಡಿಮೆ ಇದ್ದದ್ದು ಕೊನೆಗೆ. ಮುಖದ ಮೇಲೆ "ಸಿರಿಧಾನ್ಯದ ಬಿಸ್ಕೀಟು" ಎಂದಿದ್ದು, ಬೆನ್ನಿನ ಪಟ್ಟಿಯಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಎಣ್ಣೆ, ಅವುಗಳ ತರುವಾಯ ನವಣೆ ಬಂದಿದ್ದರೆ ಆ ಬಿಸ್ಕೀಟು ಯಾವುದರದೆಂದು ನೀವೇ ಹೇಳಬಲ್ಲಿರಿ. ೨೦೨೩ನೆಯ ವರ್ಷವನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ನಮ್ಮ ಅಜ್ಜಂದಿರು ಅಕ್ಕಡಿ ಸಾಲಿನಲ್ಲಿ ಹಾಕುತ್ತಿದ್ದ ನವಣೆ, ಸಾವಿಗಳು ಈಗ ಹೊಳೆಯುವ ಪಾಕೀಟಿನಲ್ಲಿ ಅಕ್ಕಿಗಿಂತ ಹೆಚ್ಚಿನ ಬೆಲೆಗೆ ಕುಳಿತಿವೆ. ಅವುಗಳ ಬೆಲೆಯನ್ನು ವಹಿಯಲ್ಲಿ ಬರೆದುಕೊಳ್ಳಿರಿ. ಗೋವಿನಜೋಳದ ಅವಲಕ್ಕಿಯ ಕಿಲೋ ಬೆಲೆಯನ್ನೂ ಬರೆದುಕೊಂಡು, ನಿಮ್ಮ ಗೋವಿನಜೋಳದ ಕ್ವಿಂಟಲ್ ಧಾರಣೆಯ ಪಕ್ಕಕ್ಕೆ ಇಟ್ಟು ನೋಡಿರಿ. ನಮ್ಮ ಗೋವಿನಜೋಳದ ಹೆಚ್ಚಿನ ಪಾಲು ಕೋಳಿಯ ಆಹಾರಕ್ಕೂ ಪಿಷ್ಟದ ಕಾರಖಾನೆಗಳಿಗೂ ಹೋಗುವದು, ನಿಜ. ಆದರೆ ಆ ಪಿಷ್ಟವೂ ಇಂಥ ಅನೇಕ ಪಾಕೀಟುಗಳ ಪಟ್ಟಿಯಲ್ಲಿ ಹೆಸರಾಗಿ ತಿರುಗಿ ಬರುವದನ್ನು ಕಾಣುವಿರಿ.

ಉಳಿದ ಗುರುತುಗಳನ್ನು ಚುಟುಕಾಗಿ ಹೇಳುತ್ತೇನೆ. ಆಹಾರ ಸುರಕ್ಷತೆಯ ಪ್ರಾಧಿಕಾರದ ೧೪ ಅಂಕಿಗಳ ಪರವಾನಿಗೆ ಸಂಖ್ಯೆ ಇರಲೇಬೇಕು. ಹಸಿರು ಚುಕ್ಕೆ ಶಾಕಾಹಾರದ ಗುರುತು. ಅಗಮಾರ್ಕ್ ಎಂಬುದು ೧೯೩೭ರ ಕಾಯಿದೆಯಿಂದ ಬಂದ, ದರ್ಜೆ ತೋರಿಸುವ ಮುದ್ರೆ. ಕಪ್ಪು ಗೆರೆಗಳ ಪಟ್ಟಿಯೊಂದು ಇರುತ್ತದೆಯಲ್ಲ, ಅದು ಮಾಲು ಯಾವುದೆಂಬುದನ್ನು ಯಂತ್ರಕ್ಕೆ ತಿಳಿಸುವ ಗುರುತು. ೧೯೭೪ರ ಜೂನ್ ೨೬ರಂದು ಅಮೇರಿಕೆಯ ಒಂದು ಅಂಗಡಿಯಲ್ಲಿ ಮೊದಲ ಸಲ ಅದರಿಂದ ಲೆಕ್ಕ ಮಾಡಿದರು. ಅದರ ಅಂಕಿ ೮೯೦ರಿಂದ ಆರಂಭವಾದರೆ ಮಾಲು ಭಾರತದಲ್ಲಿಯೇ ಆದದ್ದೆಂದು ಹಲವರು ಹೇಳುವರು. ಅದು ಪೂರ್ತಿ ಸರಿಯಲ್ಲ. ಕಂಪನಿಯು ಭಾರತದಲ್ಲಿ ಆ ಸಂಖ್ಯೆ ಪಡೆದಿದೆ ಎಂದಷ್ಟೇ ಅದರ ಅರ್ಥ.

ಮೆಣಸಿನಕಾಯಿಯ ಕಪಾಟಿನ ಮುಂದೆ

ಇಲ್ಲಿ ಮಾತ್ರ ಅವಸರ ಮಾಡಬೇಡಿರಿ. ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯ ಮನೆಯವರು ಇಂಥ ಅಂಗಡಿಗೆ ಹೋದಾಗ, ಆ ಮನೆಯ ಹಿರಿಯ ತಾಯಿಯು ಒಂದು ಪಾಕೀಟನ್ನು ಬೆಳಕಿಗೆ ಹಿಡಿದು ನೋಡಿ, ಮೊಮ್ಮಗನಿಗೆ "ತಮ್ಮಾ, ಇದರ ಮ್ಯಾಲೆ ನಮ್ಮೂರ ಹೆಸರು ಬರದಾರ, ಒಳಗಿನ ಕಾಯಿಗೆ ನೆರಿಗೀನ ಇಲ್ಲಲ್ಲೋ" ಎಂದಳಂತೆ. ಆ ಮುದುಕಿಗೆ ಓದುಬರಹವಿಲ್ಲ. ಆದರೂ ಇಡೀ ಅಂಗಡಿಯಲ್ಲಿ ಆ ಪಾಕೀಟನ್ನು ಓದಬಲ್ಲವಳು ಅವಳೊಬ್ಬಳೇ ಇದ್ದಳು!

ಅವಳ ಮಾತನ್ನು ಬಿಡಿಸಿ ನೋಡೋಣ. ನಮ್ಮ ಬ್ಯಾಡಗಿ ಕಾಯಿಯಲ್ಲಿ ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಕಡ್ಡಿ ಉದ್ದ, ಸಣ್ಣ, ಮೈತುಂಬ ನೆರಿಗೆ, ಬೀಜ ಕಡಿಮೆ. ಡಬ್ಬಿ ಗಿಡ್ಡ, ದುಂಡು, ಬೀಜ ಹೆಚ್ಚು. ಎರಡಕ್ಕೂ ಬಣ್ಣ ಗಾಢ, ಖಾರ ಕಡಿಮೆ. ಈ ಗುಣದಿಂದಲೇ ಅದರಿಂದ ಬಣ್ಣದ ಎಣ್ಣೆ ತೆಗೆದು ತಿನಿಸುಗಳಿಗೂ ತುಟಿಗೆ ಹಚ್ಚುವ ಬಣ್ಣಕ್ಕೂ ಬಳಸುವರು. ೨೦೧೧ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ನೋಂದಣಿ ದೊರೆಯಿತು. ಆದರೆ ಬ್ಯಾಡಗಿಯ ಪ್ರಾಂಗಣಕ್ಕೆ ಬರುವ ಮಾಲೆಲ್ಲ ಬ್ಯಾಡಗಿ ತಳಿಯಲ್ಲ. ಬಳ್ಳಾರಿ, ರಾಯಚೂರು ಕಡೆಗಳಿಂದಲೂ ಆಂಧ್ರದಿಂದಲೂ ಹೆಚ್ಚು ಇಳುವರಿಯ ಸಂಕರ ತಳಿಗಳ ಚೀಲಗಳು ಇಲ್ಲಿಗೇ ಬರುತ್ತವೆ. ಆದ್ದರಿಂದ ಪಾಕೀಟಿನ ಮೇಲಿನ "ಬ್ಯಾಡಗಿ" ಎಂಬ ಮಾತು ತಳಿಯ ಹೆಸರಿರಬಹುದು, ಬರೇ ಪೇಟೆಯ ಹೆಸರೂ ಇರಬಹುದು. ಭೌಗೋಳಿಕ ಗುರುತಿನ ೧೯೯೯ರ ಕಾಯಿದೆಯಲ್ಲಿ ಬೆಳೆಗಾರನು ಅಧಿಕೃತ ಬಳಕೆದಾರನೆಂದು ತನ್ನ ಹೆಸರನ್ನು ನೋಂದಾಯಿಸಿಕೊಳ್ಳುವ ಅವಕಾಶವಿದೆ. ಮುದ್ರೆಯನ್ನು ಹಾಕಿ ಮಾರುವ ಅಧಿಕಾರ ಅಂಥವನದು. ಡಬ್ಬಿ, ಕಡ್ಡಿಗಳ ಹಳೆಯ ಬೀಜವನ್ನು ಇನ್ನೂ ಕಾಯ್ದುಕೊಂಡು ಬಂದವರು ಇದನ್ನು ಲಕ್ಷ್ಯದಲ್ಲಿಡಬೇಕು. ಹೆಸರು ನಮ್ಮದು ಇದ್ದು ಬಳಕೆ ಬೇರೆಯವರದಾದರೆ ನೋಂದಣಿಯಿಂದ ಏನು ಬಂತು?

ಈಗ ಬೆಲೆಯ ಮಾತು. ಲೆಕ್ಕಕ್ಕೆಂದು ೨೦೦ ಗ್ರಾಮು ಖಾರಪುಡಿಗೆ ೧೨೦ ರೂಪಾಯಿ ಎಂದು ಹಿಡಿಯಿರಿ. ಕಿಲೋಕ್ಕೆ ೬೦೦, ಕ್ವಿಂಟಲಿಗೆ ೬೦,೦೦೦ ಆಯಿತು. ನೀವು ಕಂಡ ನಿಜವಾದ ಬೆಲೆಯಿಂದ ಇದೇ ಲೆಕ್ಕ ಮಾಡಿ, ನಿಮ್ಮ ಚೀಲಕ್ಕೆ ಬಂದ ಧಾರಣೆಯನ್ನು ಪಕ್ಕದಲ್ಲಿ ಬರೆಯಿರಿ. ಅಂತರ ದೊಡ್ಡದಿರುವದು, ಸಿಟ್ಟೂ ಬರುವದು. ಆದರೆ ಅಂತರವೆಲ್ಲ ಯಾರೋ ನುಂಗಿದ್ದೆಂದು ತಿಳಿಯಬೇಡಿರಿ. ಒಂದು ಕ್ವಿಂಟಲ್ ಕಾಯಿಯಿಂದ ಒಂದು ಕ್ವಿಂಟಲ್ ಪುಡಿ ಆಗುವದಿಲ್ಲ. ತೊಟ್ಟು ಹೋಗುತ್ತದೆ, ತೇವ ಹೋಗುತ್ತದೆ, ಬಿಳಿಗಾಯಿ ಆರಿಸಿ ತೆಗೆಯಬೇಕು. ಬ್ಯಾಡಗಿಯಲ್ಲಿ ತೊಟ್ಟು ಮುರಿಯುತ್ತ ದಿನವಿಡೀ ಕೂಡ್ರುವ ಹೆಣ್ಣುಮಕ್ಕಳ ಕೂಲಿ, ಅಡತಿ, ಶೀತಲಗೃಹದ ಬಾಡಿಗೆ, ಗಿರಣಿ, ಪಾಕೀಟು, ಲಾರಿ, ಸಗಟು ವ್ಯಾಪಾರಿ, ಕೊನೆಗೆ ಈ ತಣ್ಣನೆಯ ಅಂಗಡಿಯ ದೀಪದ ಬಿಲ್ಲು, ಎಲ್ಲವೂ ಅದರಲ್ಲಿವೆ. ಇವುಗಳಲ್ಲಿ ಯಾವ ಕೆಲಸವನ್ನು ನಾವೇ ಮಾಡಬಹುದು, ಯಾವುದನ್ನು ಮಾಡಲಾಗದು ಎಂದು ಬೇರ್ಪಡಿಸಿ ಯೋಚಿಸುವದು ಸಿಟ್ಟಿಗಿಂತ ಹೆಚ್ಚು ಕೆಲಸಕ್ಕೆ ಬರುವದು. ಮನೆಯಲ್ಲಿ ೫ ಕಿಲೋ ಕಾಯಿ ತೂಗಿ, ತೊಟ್ಟು ತೆಗೆದು, ಒಣಗಿಸಿ, ಗಿರಣಿಗೆ ಹಾಕಿಸಿ ಮತ್ತೆ ತೂಗಿರಿ. ಆ ಅಂಕಿ ಗೊತ್ತಿಲ್ಲದೆ ಖಾರಪುಡಿಯ ವ್ಯಾಪಾರದ ಮಾತೇ ಬೇಡ.

ಧಾರಣೆ ಒಮ್ಮೆಲೆ ಕುಸಿಯಿತೆಂದು ೨೦೨೪ರ ಮಾರ್ಚ್ ೧೧ರಂದು ಬ್ಯಾಡಗಿ ಪ್ರಾಂಗಣದಲ್ಲಿ ಗಲಭೆಯಾಗಿ ಬೆಂಕಿ ಬಿದ್ದದ್ದು ನಿಮಗೆಲ್ಲ ನೆನಪಿದೆ. ಅಂಥ ದಿನಗಳಲ್ಲಿಯೂ ಕಪಾಟಿನ ಪಾಕೀಟಿನ ಬೆಲೆ ಮರುದಿನವೇ ಇಳಿಯುವದಿಲ್ಲ. ಅದು ತಿಂಗಳುಗಳ ಹಿಂದೆ ಕೊಂಡ ಕಾಯಿಯಿಂದ ಆದದ್ದು, ಬೆಲೆ ಮೊದಲೇ ಅಚ್ಚಾದದ್ದು. ಮಾಲನ್ನು ಇಟ್ಟುಕೊಳ್ಳಬಲ್ಲವನು ಒಂದು ದಿನದ ಏರಿಳಿತಕ್ಕೆ ಅಂಜುವದಿಲ್ಲ. ಅಂದೇ ಮಾರಲೇಬೇಕಾದವನು ಅಂಜುತ್ತಾನೆ. ರೈತನ ಕಷ್ಟದ ಬುಡ ಇಲ್ಲಿದೆ.

ಇನ್ನೂ ಒಂದು ಸಂಗತಿ. ಇಂಥ ಅಂಗಡಿಗೆ ಮಾಲು ಕೊಡುವ ಕಂಪನಿಯು ಕಾಯಿಯನ್ನು ಕಣ್ಣಿನಿಂದ ಮಾತ್ರ ನೋಡುವದಿಲ್ಲ. ಪ್ರಯೋಗಶಾಲೆಯಲ್ಲಿ ಬಣ್ಣ, ತೇವ, ಬೂಜಿನ ವಿಷ, ಔಷಧದ ಅಂಶಗಳನ್ನು ಪರೀಕ್ಷಿಸುತ್ತದೆ. ಖಾರಪುಡಿಗೆ ಸುಡಾನ್ ಎಂಬ ಕೃತಕ ಬಣ್ಣ ಬೆರೆತದ್ದು ಗೊತ್ತಾಗಿ ೨೦೦೫ರಲ್ಲಿ ಬ್ರಿಟನ್ನಿನ ಅಂಗಡಿಗಳಿಂದ ನೂರಾರು ಬಗೆಯ ತಿನಿಸುಗಳನ್ನು ಹಿಂದಕ್ಕೆ ತೆಗೆಯಬೇಕಾಯಿತು. ಬೆರಸಿದವರು ಯಾರೋ, ಹೆಸರು ಕೆಟ್ಟದ್ದು ಎಲ್ಲ ಮೆಣಸಿನಕಾಯಿಯದು. ಆದ್ದರಿಂದ ಕಣದಲ್ಲಿ ಮಾಡತಕ್ಕ ಕೆಲಸವನ್ನು ಇಲ್ಲಿಯೇ ನೆನಪಿಸುತ್ತೇನೆ. ಪೂರ್ತಿ ಹಣ್ಣಾದ ಕಾಯಿಯನ್ನೇ ಬಿಡಿಸಿರಿ. ಅರೆಹಣ್ಣು ಬಂದಿದ್ದರೆ ಎರಡು ದಿನ ನೆರಳಿನಲ್ಲಿ ಗುಂಪೆ ಹಾಕಿರಿ, ಬಣ್ಣ ಸಮನಾಗುವದು. ಬರಿ ನೆಲದ ಮೇಲೆ ಹರವದೆ ತಾಡಪತ್ರಿಯ ಮೇಲೆ ಅಥವಾ ಸಿಮೆಂಟಿನ ಕಣದಲ್ಲಿ ತೆಳುವಾಗಿ ಹರವಿರಿ, ಸಂಜೆಗೆ ಇಬ್ಬನಿ ತಾಗದಂತೆ ಮುಚ್ಚಿರಿ. ತೇವ ನೂರಕ್ಕೆ ಹತ್ತು ಹನ್ನೊಂದರ ಸುಮಾರಿಗೆ ಇಳಿಯಬೇಕು. ತೂಕಕ್ಕೆಂದು ನೀರು ಚಿಮುಕಿಸುವದು ಬೂಜಿಗೆ ಬೀಜ ಬಿತ್ತಿದಂತೆ. ಗೊಬ್ಬರದ ಚೀಲದಲ್ಲಿ ಕಾಯಿ ತುಂಬಬೇಡಿರಿ. ಔಷಧ ಹೊಡೆದ ಮೇಲೆ ಎಷ್ಟು ದಿನ ಕಾಯಿ ಬಿಡಿಸಬಾರದೆಂದು ಬಾಟಲಿಯ ಚೀಟಿಯಲ್ಲಿ ಬರೆದಿರುತ್ತದೆ. ಅಷ್ಟು ದಿನ ಕಾಯಲೇಬೇಕು. ಸಂಶಯ ಬಂದರೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿರಿ.

ಪಾರದರ್ಶಕ ಪಾಕೀಟಿನ ವಿಷಯವಾಗಿಯೂ ಒಂದು ಮಾತು. ಮೆಣಸಿನಕಾಯಿಯ ಬಣ್ಣ ಬೆಳಕಿಗೆ ಮಾಸುತ್ತದೆ. ದೀಪದ ಕೆಳಗೆ ಬಹಳ ದಿನ ಕುಳಿತ ಪಾಕೀಟಿಗಿಂತ ನಿಮ್ಮ ಮನೆಯ ಕತ್ತಲೆಕೋಣೆಯ ಗಡಿಗೆಯಲ್ಲಿಯ ಪುಡಿ ಚಲೋ ಬಣ್ಣ ಹಿಡಿದುಕೊಂಡಿರುವದು. ಮನೆಯಲ್ಲಿ ಕಾಯಿ ಇದ್ದವರು ಖಾರಪುಡಿಯನ್ನು ಇಲ್ಲಿ ಕೊಳ್ಳುವ ಕಾರಣ ನನಗಂತೂ ಕಾಣುವದಿಲ್ಲ.

ಉದ್ರಿಯ ಅಂಗಡಿ ಮತ್ತು ನಗದಿನ ಅಂಗಡಿ

ಹಾಗಾದರೆ ಊರ ಅಂಗಡಿಯನ್ನು ಬಿಟ್ಟು ಇಲ್ಲಿಗೇ ಬರಬೇಕೇ? ಅವಸರದ ಉತ್ತರ ಬೇಡ. ಊರ ಅಂಗಡಿಯವನು ರಾತ್ರಿ ಒಂಬತ್ತಕ್ಕೆ ಕದ ತಟ್ಟಿದರೂ ಹತ್ತು ರೂಪಾಯಿಯ ಎಣ್ಣೆ ಕೊಡುತ್ತಾನೆ, ರಾಶಿ ಆಗುವ ತನಕ ಉದ್ರಿ ಬರೆದುಕೊಳ್ಳುತ್ತಾನೆ. ಗಾಜಿನ ಬಾಗಿಲಿನ ಅಂಗಡಿಯಲ್ಲಿ ಉದ್ರಿಯ ವಹಿಯೇ ಇಲ್ಲ. ಆದರೆ ಉದ್ರಿಗೂ ಬೆಲೆಯುಂಟು. ಅದು ಸಾಮಾನಿನ ಬೆಲೆಯೊಳಗೆ ಅಡಗಿ ಕುಳಿತಿರುತ್ತದೆ. ತಿಂಗಳ ಹತ್ತು ಮುಖ್ಯ ಸಾಮಾನುಗಳ ಬೆಲೆಯನ್ನು ಎರಡೂ ಕಡೆ ಬರೆದು ನೋಡಿರಿ, ಬಸ್ಸಿನ ಚಾರ್ಜನ್ನೂ ಕೂಡಿಸಿರಿ. ಹಲವು ಮನೆಗಳಿಗೆ ಎಣ್ಣೆ, ಸಾಬೂನು, ಬೇಳೆಗಳಲ್ಲಿ ಪೇಟೆಯ ಅಂಗಡಿ ಅಗ್ಗವಾದೀತು. ಸಣ್ಣಪುಟ್ಟದ್ದರಲ್ಲಿ ಊರ ಅಂಗಡಿಯೇ ಮೇಲಾದೀತು. ಈ ಲೆಕ್ಕವನ್ನು ಮನೆಯ ಹೆಣ್ಣುಮಕ್ಕಳ ಕೈಗೆ ಕೊಡಿರಿ. ಸ್ವಸಹಾಯ ಸಂಘದ ವಹಿ ಬರೆದು ರೂಢಿಯಿದ್ದವರು ನಮಗಿಂತ ಚೊಕ್ಕಟವಾಗಿ ಮಾಡುವರು.

ಇಂಥ ಅಂಗಡಿ ಸಾಹುಕಾರರದೇ ಇರಬೇಕೆಂಬ ನಿಯಮವೂ ಇಲ್ಲ. ಇಂಗ್ಲಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ೧೮೪೪ರಲ್ಲಿ ೨೮ ಜನ ಕೂಡಿ, ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣಬತ್ತಿಯಂಥ ಕೆಲವೇ ಸಾಮಾನು ಇಟ್ಟುಕೊಂಡು ತಮ್ಮದೇ ಅಂಗಡಿ ತೆರೆದರು. ನಮ್ಮ ನೆರೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ನಮ್ಮ ಜಿಲ್ಲೆಗೆ ಹತ್ತಿಕೊಂಡಿರುವ ಶಿರಸಿಯಲ್ಲಿ ೧೯೨೩ರಲ್ಲಿ ಸ್ಥಾಪನೆಯಾದ ತೋಟಗಾರರ ಸಹಕಾರಿ ಮಾರಾಟ ಸಂಘವನ್ನು ಜನ ಟಿ.ಎಸ್.ಎಸ್. ಎಂದು ಕರೆಯುವರು. ಸದಸ್ಯರ ಅಡಿಕೆ, ಕಾಳುಮೆಣಸು ಮಾರಿಕೊಡುವ ಸಂಘವೇ ಅಲ್ಲಿ ಈ ನಮೂನೆಯ ದೊಡ್ಡ ಅಂಗಡಿಯನ್ನೂ ನಡೆಸಿತು. ಒಂದೇ ಸಂಘದ ಒಂದು ಬಾಗಿಲಲ್ಲಿ ಬೆಳೆ ಮಾರಿ, ಇನ್ನೊಂದು ಬಾಗಿಲಲ್ಲಿ ಸಂತೆ ಮುಗಿಸುವದು! ಶಿರಸಿಗೆ ಜಾತ್ರೆಗೆಂದು ಹೋಗುವವರು ಮಾರಿಕಾಂಬೆಯ ದರ್ಶನದ ತರುವಾಯ ಈ ಅಂಗಡಿಯನ್ನೂ ನೋಡಿ ಬರಬಹುದು.

ನಮ್ಮಲ್ಲಿ ಅಷ್ಟು ದೊಡ್ಡದು ನಾಳೆಯೇ ಆಗುವದಿಲ್ಲ. ಆದರೆ ಕಂಪನಿ ಕಾಯಿದೆಯಲ್ಲಿ ಹತ್ತು ಜನ ಉತ್ಪಾದಕರು ಕೂಡಿ ರೈತ ಉತ್ಪಾದಕ ಕಂಪನಿ ಮಾಡಬಹುದು. ಚಿಕ್ಕ ಪ್ರಮಾಣದಲ್ಲಿ ಖಾರಪುಡಿ, ಶೇಂಗಾ ಚಟ್ನಿ, ರೊಟ್ಟಿ ಮಾರುವವರಿಗೆ ಆಹಾರ ಸುರಕ್ಷತೆಯ ನೋಂದಣಿ ಸಾಕು. ದೊಡ್ಡ ವ್ಯಾಪಾರಕ್ಕೆ ಪರವಾನಿಗೆ ಬೇಕು. ಅಂಗಡಿಯವನು ನಿಮ್ಮ ಮಾಲನ್ನು ಕಪಾಟಿನಲ್ಲಿ ಇಟ್ಟುಕೊಳ್ಳಲು ಏನು ಕೇಳುವನೆಂದು ಅವನನ್ನೇ ಕೇಳಿರಿ. ಹೆಚ್ಚಾಗಿ ಉತ್ತರ ಇಷ್ಟೇ: ಪ್ರತಿಸಲವೂ ಒಂದೇ ತೂಕ, ಒಂದೇ ಬಣ್ಣ, ಹೇಳಿದ ದಿನಕ್ಕೆ ಮಾಲು. ಮೂರನೆಯದೇ ನಮಗೆ ಕಠಿಣ. ಹಣವೂ ಕೂಡಲೇ ಬರುವದಿಲ್ಲ, ಎಷ್ಟು ದಿನಕ್ಕೆ ಕೊಡುವರೆಂಬುದನ್ನು ಮೊದಲೇ ಬರೆಯಿಸಿಕೊಳ್ಳಿರಿ.

ಹೊರಬೀಳುವ ಮುಂಚೆ ಬಿಲ್ಲನ್ನು ಮೇಜಿನ ಹತ್ತಿರವೇ ನಿಂತು ಓದಿರಿ, ಹಿಂದೆ ಸಾಲು ನಿಂತಿದೆಯೆಂದು ಸಂಕೋಚ ಬೇಡ. ಕಪಾಟಿನ ಮೇಲಿನ ಬೆಲೆಗೂ ಬಿಲ್ಲಿನ ಬೆಲೆಗೂ ತಾಳೆ ಬೀಳದಿದ್ದರೆ ಅಲ್ಲಿಯೇ ಕೇಳಿರಿ. ಅಚ್ಚಾದ ಗರಿಷ್ಠ ಬೆಲೆಗಿಂತ ಹೆಚ್ಚು ತೆಗೆದುಕೊಂಡರೆ, ತೂಕ ಕಡಿಮೆ ಬಂದರೆ, ಅವಧಿ ಮೀರಿದ ಮಾಲು ಕೊಟ್ಟರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ೧೯೧೫ಕ್ಕೆ ಫೋನು ಮಾಡಬಹುದು. ೨೦೧೯ರ ಗ್ರಾಹಕ ಸಂರಕ್ಷಣೆ ಕಾಯಿದೆಯಂತೆ ಜಿಲ್ಲಾ ಆಯೋಗಕ್ಕೂ ದೂರು ಕೊಡಬಹುದು. ದೂರಿಗೆ ಬಿಲ್ಲು ಮತ್ತು ಪಾಕೀಟು ಎರಡೂ ಬೇಕು. ಪಾಕೀಟನ್ನು ಹರಿದು ಒಲೆಗೆ ಹಾಕಬೇಡಿರಿ. ಈ ಅಂಗಡಿಗಳ ಬಿಲ್ಲಿನ ಅಕ್ಷರ ಕೆಲವು ತಿಂಗಳಲ್ಲಿಯೇ ಮಾಸಿಹೋಗುತ್ತದೆ, ಆದ್ದರಿಂದ ಮನೆಗೆ ಬಂದ ದಿನವೇ ಮಗನ ಮೊಬೈಲಿನಲ್ಲಿ ಅದರ ಚಿತ್ರ ತೆಗೆಸಿಡಿರಿ.